ಇಪ್ಪತ್ತೆರಡು ನಿಮಿಷ

ಬಾಗಲಕೋಟಿ ನವನಗರದಾಗ, ಸೆಕ್ಟರ್ ನಂಬರಿನ ಒಂದು ಓಣ್ಯಾಗ
ನಮಗ ಕೇಳೂದು ಕಲಸತಾರ.
ಆರು ತಿಂಗಳ ತರಬೇತಿ, ಮೂವತ್ತು ಪ್ಲಾಸ್ಟಿಕ್ ಕುರ್ಚಿ,
ಗೋಡಿಗೆ ಅಂಟಿಸಿದ ಹಾಳಿ:
ಬುದ್ಧಿ ಹೇಳಬ್ಯಾಡ್ರಿ. ನಡುವ ಬಾಯಿ ಹಾಕಬ್ಯಾಡ್ರಿ.
ಅವರು ಸುಮ್ಮನಾದ್ರ ನೀವೂ ಸುಮ್ಮನಿರ್ರಿ.
ಕೇಳಿದ್ದು ಕೇಳಿದಲ್ಲೇ ಇರಲಿ.

ನಾ ಬನಹಟ್ಟಿಯಾಕಿ.
ಪಾವರ್‌ಲೂಮಿನ ಬಾಜೂಕ ನನ್ನ ತೊಟ್ಟಿಲ.
ಕರೆಂಟ್ ಹೋಗಿ ಮಗ್ಗ ನಿಂತ್ರ
ಎಚ್ಚರಾಗಿ ಚಿಟ್ಟನೆ ಚೀರತಿದ್ದೆನಂತ.
ಆ ಸದ್ದಿನ್ಯಾಗ ಯಾರ ಮಾತೂ ಯಾರಿಗೂ ಕೇಳಂಗಿಲ್ಲ,
ನಾವು ತುಟಿ ನೋಡಿ ಮಾತಾಡೋ ಮಂದಿ.
ಅವ್ವ ನಾಕು ಮಗ್ಗದ ಆಚಿಗೆ ನಿಂತು
'ಒಲಿಗೆ ಬ್ಯಾಳಿ ಹಾಕೀಯೇನ' ಅಂದ್ರ
ಕಂಡಿಕಿ ಸುತ್ತಕೋತ 'ಹೂಂ' ಅಂತಿದ್ದೆ, ದನಿ ಇಲ್ಲದ.

ಎಡಗಿವಿ ಮಂದ ಐತಿ ಅಂತ
ಅರ್ಜ್ಯಾಗ ಬರೀಲಿಲ್ಲ.
ಕೇಳೋ ಕೆಲಸಕ್ಕ ಕಿವುಡಿ ಬಂದಾಳ ಅಂದಾರು ಅಂತ.

ಮೊದಲನೇ ಮನಿ ಭೇಟಿ, ರಬಕವಿ.
ಆಕಿ ಹೆಸರು ನಾ ಹೇಳಂಗಿಲ್ಲ.
ಒಪ್ಪಿಗಿ ಪತ್ರಕ್ಕ ದುಂಡಗ ಸಹಿ ಮಾಡಿದಳು,
ನನ್ನ ಸಹಿಗಿಂತ ಛಲೋ ಇತ್ತು.
ಫೋನಿನ ರೆಕಾರ್ಡ್ ಒತ್ತಿ ಕಿಡಕಿ ಮ್ಯಾಲೆ ಇಟ್ಟೆ.
'ಮಗ್ಗ ಒಂದೀಟು ನಿಲ್ಲಸ್ರಿ, ಮಾತಾಡೂಣು.'
ನಿಲ್ಲಿಸಿದಳು.
ಮಕ್ಕಳು ಆರಾಮ. ಅತ್ತಿ ಆರಾಮ. ಮಾಲಕರೂ ಆರಾಮ.
ಒಳಗ ಯಾರೋ ಸಾವಕಾಶ ತಂಬಿಗಿ ಇಟ್ಟ ಸಪ್ಪಳ.
ಏನಿಲ್ರಿ ಅಕ್ಕಾರ. ಚಾ ಕುಡೀತೀರಿ?

ಚಾ ಕುಡದೆ. ಎದ್ದೆ.
ಆಕಿ ಗುಂಡಿ ಒತ್ತಿದಳು. ಲಾಳಿ ಓಡಿತು.
ಬಾಗಲಕ್ಕ ಬೆನ್ನು, ನನ್ನ ಕಡೆ ಮಾರಿ ಮಾಡಿ
ಬಾಯಿ ತೆರದಳು.

ಇಪ್ಪತ್ತೆರಡು ನಿಮಿಷ.
ಬಳ್ಳು ಹರದ ಎಳಿ ಗಂಟು ಹಾಕತಿದ್ದವು,
ಕಣ್ಣು ನೂಲಿನ ಮ್ಯಾಲೆ,
ತುಟಿ ಮಾತ್ರ ನಿಲ್ಲಲಿಲ್ಲ.
ನಾ ರೆಪ್ಪಿ ಬಡೀಲಿಲ್ಲ.
ಬಡದಿದ್ರ ಒಂದು ಶಬ್ದ ಹೋಗತಿತ್ತು.

ಸೋಮವಾರ ಜೇವೂರ ಮೇಡಂ ರೆಕಾರ್ಡ್ ಹಚ್ಚಿದರು.
ಹೆಸರು ತಗದು ಕ್ಲಾಸಿನ್ಯಾಗ ಹಚ್ಚೂದು ಪದ್ಧತಿ.
ಆರಾಮ, ಆರಾಮ, ಚಾ.
ಆಮ್ಯಾಲೆ ಕಟಾ ಕಟಾ ಕಟಾ ಕಟಾ.
'ಏನವಾ ಬೌರವ್ವಾ ಇದು? ಮಗ್ಗದ ಗೋಳು ಕೇಳಿಕೊಂಡು ಬಂದಿಯೇನ?'
ಮಂದಿ ನಕ್ಕರು.
'ಮತ್ತ ಷರಾದಾಗ ಇಷ್ಟೆಲ್ಲಾ ಹೆಂಗ ಬರದಿ?'

ನಾ ಉತ್ತರ ಕೊಡಲಿಲ್ಲ.
ಹನ್ನೊಂದನೇ ನಿಮಿಷಕ್ಕ ಲಾಳಿ ತಡದಿತ್ತು,
ಅಲ್ಲಿ ಆಕಿ ಅಂದದ್ದು ಈಗ ಬರತದ, ಈಗ,
ಅಂತ ಕಾಯಕತ್ತಿದ್ದೆ.

ಚಾ ತಂದ ಬಸಲಿಂಗಪ್ಪ ಕಾಕಾ ಬಾಗಲದಾಗ ನಿಂತುಬಿಟ್ಟ.
ಗುಳೇದಗುಡ್ಡದಾವ, ಇಪ್ಪತ್ತೆಂಟು ವರ್ಷ
ಪಾವರ್‌ಲೂಮಿನ ಖೋಲ್ಯಾಗ ಕಳದಾವ.
ತಾಟಿನ್ಯಾಗ ಕಪ್ಪು ಒಂದಕ್ಕೊಂದು ತಾಕಿ ಗಿಲಿಗಿಲಿ ಅಂದವು.
ಅವ ರೆಕಾರ್ಡ್ ಕೇಳಾಕತ್ತಿರಲಿಲ್ಲ.
ನನ್ನ ಬಾಯಿ ನೋಡಾಕತ್ತಿದ್ದ.

ಆಗ ತಿಳೀತು, ನನ್ನ ತುಟಿ ಆಡಾಕತ್ತಾವ.
ಆಕಿ ಅಂದದ್ದು ಒಂದಕ್ಷರ ಬಿಡದ,
ಮೂವತ್ತು ಮಂದಿ ಮುಂದ.

ಸಂಜಿಕ ಎಲ್ಲಾರೂ ಹೋದ ಮ್ಯಾಲೆ
ಕಪ್ಪು ತೊಳಿಯೋ ನಳದ ಹತ್ತರ ಹೋದೆ.
'ಕಾಕಾ' ಅಂದೆ. ಮುಂದಿನ ಮಾತು ಹೊಂಡಲಿಲ್ಲ.
ಅವ ನನ್ನ ಮಾರಿ ನೋಡಿ
ನಳ ಪೂರಾ ತಿರುವಿದ.
ತಗಡಿನ ಬಕೀಟಿಗೆ ನೀರು ಧೋ ಅಂತ ಬಡೀತು.
ಆ ಸದ್ದಿನ್ಯಾಗ, ಬರೇ ತುಟೀಲೆ:
'ನಾ ಏನೂ ಕೇಳಿಲ್ಲವಾ.'

ನಾಕು ಕಪ್ಪು ತೊಳದು ಬೋರಲ ಹಾಕಿದ.
ಮತ್ತ ತುಟಿ:
'ಮುಂದಿನ ವಾರ ಹೋಗತೀ, ಹೌದಿಲ್ಲೋ?'